ಸುಡದ ಆಂಪ್ಲಿಫೈಯರ್

ವೈಂಡಿಂಗ್ ಅಕ್ಕ ಸುತ್ತು ಎಣಿಸುತ್ತಿರುವಾಗ ಅವಳನ್ನು ಒಮ್ಮೆ ಮಾತಾಡಿಸಿದವರು ಮತ್ತೊಮ್ಮೆ ಮಾತಾಡಿಸಿದ್ದಿಲ್ಲ. ಸುಟ್ಟುಹೋದ ಮೋಟಾರು, ಟ್ರಾನ್ಸ್‌ಫಾರ್ಮರುಗಳ ಹಳೆಯ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದು ಅವಳ ಕಸುಬು. ಕೂದಲೆಳೆಯಂಥ ತಾಮ್ರದ ತಂತಿ, ಸಾವಿರ, ಎರಡು ಸಾವಿರ ಸುತ್ತು. ನಡುವೆ ಲೆಕ್ಕ ತಪ್ಪಿದರೆ ಅಷ್ಟನ್ನೂ ಬಿಚ್ಚಿ ಮೊದಲಿನಿಂದ ಶುರು ಮಾಡಬೇಕು. ಒಮ್ಮೆ ಪಂಪಿನ ಮೋಟಾರು ತಂದ ಒಬ್ಬ ದೊಡ್ಡ ಮನುಷ್ಯ ಬಾಗಿಲಲ್ಲಿ ನಿಂತು, "ಏನಮ್ಮಾ, ಒಳಗೆ ಗಂಡಸರು ಯಾರೂ ಇಲ್ವಾ?" ಎಂದು ಮೂರು ಸಲ ಕೇಳಿದ. ಮೂರನೇ ಸಲಕ್ಕೆ ಸಾವಿರದ ನಾನೂರರ ಆಸುಪಾಸಿನಲ್ಲಿದ್ದ ಲೆಕ್ಕ ತಪ್ಪಿಹೋಯಿತು. ಅಕ್ಕ ಎದ್ದುಬಂದು ಅವನ ಮೋಟಾರಿನ ಎರಕದ ಮುಚ್ಚಳವನ್ನೇ ಎತ್ತಿ ಅವನ ಬಾಯಿಗೆ ಬಾರಿಸಿದಳು. ಎರಡು ಹಲ್ಲು ಹೊಸ್ತಿಲ ಹೊರಗೆ ಬಿದ್ದವು, ಒಂದು ಒಳಗೆ. ಒಳಗೆ ಬಿದ್ದದ್ದನ್ನು ಗುಡಿಸಿ ಹೊರಗೆ ಹಾಕಿ ಮತ್ತೆ ಒಂದರಿಂದ ಎಣಿಸಲು ಕೂತಳು. ಮೋಟಾರು ಮಾತ್ರ ಹೇಳಿದ ದಿನಕ್ಕೇ ಸರಿಯಾಗಿ ಹೋಯಿತು. ಕೆಲಸದ ವಿಷಯದಲ್ಲಿ ಅವಳು ಯಾರ ಮೇಲೂ ಹಗೆ ಸಾಧಿಸಿದವಳಲ್ಲ.

ಈ ಕೈ ಅವಳಿಗೆ ಅಪ್ಪನಿಂದ ಬಂದದ್ದು. ಅವನೂ ವೈಂಡರನೇ. ಮಗಳಿಗೆ ಹನ್ನೊಂದು ತುಂಬುತ್ತಿದ್ದ ಹಾಗೆ ಸುತ್ತುವ ಯಂತ್ರದ ಮುಂದೆ ಕೂರಿಸಿದ. ಲೆಕ್ಕ ತಪ್ಪಿದರೆ ಟ್ರಾನ್ಸ್‌ಫಾರ್ಮರಿನೊಳಗೆ ಜೋಡಿಸುವ ಕಬ್ಬಿಣದ ತಗಡಿನ ಅಂಚಿನಿಂದ ಬೆರಳಿನ ಗೆಣ್ಣಿಗೆ ಹೊಡೆಯುತ್ತಿದ್ದ. ಹದಿನೇಳನೇ ವಯಸ್ಸಿನಲ್ಲಿ ಅವಳು ಅದೇ ತಗಡನ್ನು ಕಿತ್ತುಕೊಂಡು ಅವನ ಮುಂಗೈಯನ್ನು ಮಣಿಕಟ್ಟಿನವರೆಗೆ ಸೀಳಿದಳು. ಅಪ್ಪ ಬಟ್ಟೆ ಸುತ್ತಿಕೊಳ್ಳುತ್ತ, "ಈಗ ಕಲಿತೆ ನೋಡು," ಎಂದನಂತೆ. ಬೀದಿಯವರು ಇದನ್ನು ಉಪ್ಪುಖಾರ ಹಚ್ಚಿ ಹೇಳಿಕೊಂಡು ನಗುತ್ತಾರೆ. ನಗುವಂಥದ್ದು ಇದರಲ್ಲಿ ಏನಿದೆಯೋ ಆ ಪುಣ್ಯಾತ್ಮರೇ ಹೇಳಬೇಕು.

ಅವಳಿಗೆ ಒಬ್ಬಳು ತಂಗಿ, ಒಂಬತ್ತು ವರ್ಷ ಚಿಕ್ಕವಳು. ತಾಯಿ ಬಾಣಂತಿಯಾಗಿದ್ದಾಗಲೇ ಹೋದದ್ದರಿಂದ ಹಾಲು ಕುಡಿಸಿದ್ದು, ಸ್ನಾನ ಮಾಡಿಸಿದ್ದು, ಶಾಲೆಗೆ ಬಿಟ್ಟದ್ದು ಎಲ್ಲ ಅಕ್ಕನೇ. ಆ ಮಗುವಿನ ಮೈಮೇಲೆ ಅಪ್ಪನ ಕೈ ಒಮ್ಮೆಯೂ ಬೀಳಲಿಲ್ಲ. ಬೀಳುವುದಕ್ಕೆ ಮುಂಚೆ ಅಕ್ಕ ನಡುವೆ ಬಂದು ನಿಲ್ಲುತ್ತಿದ್ದಳು, ಬೀಳಬೇಕಾದದ್ದೆಲ್ಲ ಅವಳ ಬೆನ್ನಿಗೇ ಬೀಳುತ್ತಿತ್ತು. ಜೀವಮಾನದಲ್ಲಿ ಅವಳು ಹೆಮ್ಮೆಪಟ್ಟುಕೊಂಡದ್ದು ಇದೊಂದಕ್ಕೇ. ಅಪ್ಪ ಸತ್ತ ಮೇಲೆ ಅಂಗಡಿ ಅವಳದಾಯಿತು. ಮದುವೆಯೂ ಆಯಿತು, ಹನ್ನೊಂದು ತಿಂಗಳು ನಡೆಯಿತು. ಒಂದು ದಿನ ಗಂಡ ಅಂಗಡಿಯಲ್ಲೇ ಅವಳ ಕಪಾಳಕ್ಕೆ ಹೊಡೆದ. ಅಕ್ಕ ಅವನ ಕೈ ಹಿಡಿದು ಬೆಂಚಿಗೆ ಬಿಗಿದ ವೈಸಿನ ಇಕ್ಕಳಬಾಯಿಗಿಟ್ಟು, ಹಿಡಿಯನ್ನು ಒಂದೂವರೆ ಸುತ್ತು ತಿರುಗಿಸಿದಳು. ಬೆರಳುಗಳು ಮುರಿಯುವ ಸದ್ದು ಪಕ್ಕದ ಸೈಕಲ್ ಅಂಗಡಿಗೂ ಕೇಳಿಸಿತಂತೆ. ಮಾರನೇ ದಿನ ಅವನು ಬಟ್ಟೆಬರೆ ಗಂಟು ಕಟ್ಟಿಕೊಂಡು ಹೋದವನು ತಿರುಗಿ ಬರಲಿಲ್ಲ. ಮನುಷ್ಯರೊಂದಿಗೆ ಬಾಳುವುದು ಹೇಗೆಂದು ಅವಳಿಗೆ ಗೊತ್ತಿದ್ದದ್ದು ಇಷ್ಟೇ.

ತಂಗಿ ಹಾಗಲ್ಲ. ನಗುತ್ತ ಮಾತಾಡುವವಳು, ಜಗಳ ಎಂದರೆ ಮೂಲೆ ಸೇರುವವಳು. ಅವಳು ಪ್ಲೈವುಡ್ ಅಂಗಡಿಯವನೊಬ್ಬನನ್ನು ಮೆಚ್ಚಿ ಮದುವೆಯಾದಳು. ಅಕ್ಕ ಅವನನ್ನು ಎದುರಿಗೆ ಬಹುವಚನದಲ್ಲಿ ಕರೆದು, ಬೆನ್ನ ಹಿಂದೆ 'ಪ್ಲೈವುಡ್' ಎನ್ನುತ್ತಿದ್ದಳು. ಹೊರಗೆ ನುಣುಪು, ಒಳಗೆ ಏನೇನು ಅಂಟಿಸಿದ್ದಾರೋ ದೇವರೇ ಬಲ್ಲ ಎನ್ನುವುದು ಅವಳ ವಿವರಣೆ. ಅವನಿಗೆ ಸಂಗೀತದ ಹುಚ್ಚು. ಹುಚ್ಚು ಎಂದರೆ ಸಂಗೀತ ಕೇಳುವುದಕ್ಕಿಂತ ಕೇಳಿಸುವ ಸಾಮಾನಿನ ಹುಚ್ಚು. ಅಂಥವರ ಒಂದು ಜಾತಿಯೇ ಉಂಟು. ಭಾನುವಾರ ನಾಲ್ಕು ಜನ ಸೇರಿ, ಕಣ್ಣು ಮುಚ್ಚಿ ಕೂತು, ಕೇಬಲ್ ಬದಲಿಸಿದ್ದಕ್ಕೆ ಪಿಟೀಲಿನ ದನಿ ಹೇಗೆ ಅರಳಿತು ಎಂದು ಗಂಟೆಗಟ್ಟಲೆ ಕೊರೆಯುತ್ತಾರೆ, ಪಕ್ಕದಲ್ಲಿ ಚಹಾ ಹಿಡಿದು ನಿಂತವಳು ಮಾತಾಡಿದರೆ ಮಾತ್ರ ಅವರ ಕಿವಿಗೆ ಬೀಳುವುದಿಲ್ಲ.

ಪ್ಲೈವುಡ್ ಎಲ್ಲಿಂದಲೋ ಒಂದು ಜೊತೆ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ತರಿಸಿದ. ಆಳೆತ್ತರದ ಎರಡು ಹಲಗೆಗಳು, ಬಾಗಿಲ ರೆಕ್ಕೆಗಳ ಹಾಗೆ. ತೂತು ತೂತಿನ ಎರಡು ಲೋಹದ ಹಾಳೆ, ನಡುವೆ ಈರುಳ್ಳಿ ಸಿಪ್ಪೆಗಿಂತ ತೆಳ್ಳನೆಯ ಒಂದು ಪರದೆ. ಆ ಪರದೆಗೆ ಐದು ಸಾವಿರ ವೋಲ್ಟ್ ತುಂಬಿಟ್ಟಿರುತ್ತದೆ. ಆಂಪ್ಲಿಫೈಯರ್ ಕೊಟ್ಟದ್ದನ್ನು ಕೆಳಗಿನ ಪೆಟ್ಟಿಗೆಯ ಟ್ರಾನ್ಸ್‌ಫಾರ್ಮರ್ ನೂರಕ್ಕೂ ಹೆಚ್ಚು ಪಟ್ಟು ಏರಿಸಿ ಲೋಹದ ಹಾಳೆಗಳಿಗೆ ಉಣಿಸಿದಾಗ ಪರದೆ ಅತ್ತಿತ್ತ ನಡುಗಿ ಹಾಡುತ್ತದೆ. ಹಾಡುವುದೇನೋ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಆಂಪ್ಲಿಫೈಯರನ್ನು ಜೋಡಿಸಿದರೂ ಅದು ಬಾಳುತ್ತಿರಲಿಲ್ಲ.

ಮೊದಲನೆಯದು ಗೆಳೆಯರ ಎದುರಿಗೇ ಸುಟ್ಟಿತು. ಪಿಟೀಲು ಮೇಲಕ್ಕೇರುತ್ತಿದ್ದ ಹಾಗೆ ಪಟಾರ್ ಎಂದು ಹೊಗೆ ಬಂತು. ಗೆಳೆಯರು ನಕ್ಕರು, ಪ್ಲೈವುಡ್ ಕೂಡ ನಕ್ಕ. ಎರಡು ದಿನ ಬಿಟ್ಟು ತಂಗಿ ಅಂಗಡಿಗೆ ಬಂದಾಗ ಅವಳ ದವಡೆ ಊದಿ, ಕಣ್ಣಿನ ಕೆಳಗೆ ನೀಲಿಗಟ್ಟಿತ್ತು.

"ಬಚ್ಚಲಲ್ಲಿ ಜಾರಿದೆ ಅಕ್ಕ," ಎಂದಳು.

"ಮುಖ ಮುಂದೆ ಮಾಡ್ಕೊಂಡು ಜಾರಿದ್ಯಾ?"

ತಂಗಿ ಬೇರೆ ಮಾತು ತೆಗೆದಳು. ಎರಡನೆಯ ಆಂಪ್ಲಿಫೈಯರು ಇನ್ನೂ ದೊಡ್ಡದು, ನಾಲ್ಕು ತಿಂಗಳು ಬಂತು. ಅದು ಸುಟ್ಟಾಗ ಪ್ಲೈವುಡ್ ಅದನ್ನು ಒಳಗಿನ ಟ್ರಾನ್ಸ್‌ಫಾರ್ಮರ್ ನೋಡಲೆಂದು ಅಕ್ಕನ ಅಂಗಡಿಗೆ ಕಳಿಸಿದ. ಅಕ್ಕ ಮುಚ್ಚಳ ತೆಗೆದು ನೋಡಿದರೆ ಟ್ರಾನ್ಸ್‌ಫಾರ್ಮರು ಚೆನ್ನಾಗಿಯೇ ಇತ್ತು, ಔಟ್‌ಪುಟ್ ಟ್ರಾನ್ಸಿಸ್ಟರುಗಳು ಮಾತ್ರ ಬಾಯಿ ಬಿಟ್ಟುಕೊಂಡು ಕೂತಿದ್ದವು. ಅದೇ ವಾರ ತಂಗಿ ಎರಡು ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬಂದಳು. ಈ ಸಲ ಅಕ್ಕ ಅಂಗಡಿಯ ಬಾಗಿಲು ಹಾಕಿ, ಮೇಜಿನ ಮೇಲೆ ಅವಳ ಕೈ ಚಾಚಿಸಿ, ಪಟ್ಟಿ ಬಿಚ್ಚಿ ನೋಡಿದಳು. ಎರಡೂ ಬೆರಳು ಹಿಮ್ಮುಖವಾಗಿ ಮಡಚಿ ಮುರಿದಿದ್ದವು. ಅಂಥ ಮುರಿತ ಹೇಗಾಗುತ್ತದೆಂದು ಅಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು?

ತಂಗಿಯ ಬಾಯಿಂದ ಆಗ ಎಲ್ಲ ಹೊರಬಿತ್ತು. ಸುಡುವುದಕ್ಕೆ ಮುಂಚಿನ ದಿನ ಅವಳು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದ್ದಳು, ತೇವ ಸ್ಪೀಕರಿಗೆ ಹತ್ತಿ ಆಂಪ್ಲಿಫೈಯರ್ ಹೋಯಿತು ಎಂದು ಅವನ ವಾದ. ಮೊದಲ ಸಲ ಅವಳು ಸ್ವಿಚ್ಚನ್ನು ಹಿಂದುಮುಂದಾಗಿ ಹಾಕಿದ್ದಳಂತೆ.

ಅಕ್ಕ ಒಂದು ಮೊಳದ ಮೋಟಾರ್ ಶಾಫ್ಟನ್ನು ಕಂಕುಳಲ್ಲಿಟ್ಟುಕೊಂಡು ನೇರ ಅವರ ಮನೆಗೆ ಹೋದಳು. ಮೂರು ಮನೆಗಳಿದ್ದ ಕಟ್ಟಡದ ನಡು ಮಹಡಿ ಅವರದು. ಪ್ಲೈವುಡ್ ಬಾಗಿಲು ತೆಗೆದು, "ಬನ್ನಿ ಅಕ್ಕ," ಎನ್ನುವಷ್ಟರಲ್ಲಿ ಶಾಫ್ಟು ಅವನ ಭುಜಕ್ಕೆ ಬಿತ್ತು. ಎರಡನೇ ಏಟು ಬೀಳಲಿಲ್ಲ. ಅವನು ದಿನಕ್ಕೆ ನೂರು ಹಲಗೆ ಎತ್ತಿಳಿಸುವವನು. ಒಂದು ಕೈಯಲ್ಲಿ ಶಾಫ್ಟು ಕಿತ್ತುಕೊಂಡ, ಇನ್ನೊಂದರಲ್ಲಿ ಅವಳ ಕತ್ತು ಹಿಡಿದ, ಮಾತೇ ಆಡದೆ ಹೊಟ್ಟೆಗೆ ಮೂರು ಸಲ ಗುದ್ದಿ ಮೆಟ್ಟಿಲ ಮೇಲಿಂದ ದೂಡಿದ. ಹದಿಮೂರು ಮೆಟ್ಟಿಲು. ಕೆಳಗಿನ ತಿರುವಿನಲ್ಲಿ ಗೋಡೆಗೆ ಬಡಿದು ನಿಂತಾಗ ಎರಡು ಪಕ್ಕೆಲುಬು ಹೋಗಿದ್ದವು, ಬಾಯಿ ತುಂಬ ರಕ್ತ. ತಲೆಯೆತ್ತಿ ನೋಡಿದರೆ ಅಕ್ಕನ ಹಿಂದೆಯೇ ಓಡಿಬಂದು ಒಳಗೆ ಸೇರಿದ್ದ ತಂಗಿ ಬಾಗಿಲಲ್ಲಿ ನಿಂತಿದ್ದಳು. "ಹೋಗಕ್ಕ, ದಮ್ಮಯ್ಯ, ಹೋಗು," ಎಂದು ತಂಗಿಯೇ ಬಾಗಿಲು ಹಾಕಿಕೊಂಡಳು. ಪಕ್ಕೆಲುಬು ಮುರಿದ ನೋವು ಆರು ವಾರಕ್ಕೆ ಹೋಯಿತು. ಆ ಬಾಗಿಲು ಹಾಕಿಕೊಂಡ ನೋವು ಅವಳಿಗೆ ಬಹಳ ದಿನ ಹೋಗಲಿಲ್ಲ.

ಹತ್ತು ದಿನ ಬಿಟ್ಟು ತಂಗಿ ಬಂದಳು. ಅಕ್ಕ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಕೂತಿದ್ದಳು, ಮುಖ ತಿರುಗಿಸಿದಳು.

"ನೀನು ಬಂದು ಹೊಡೆದ್ರೆ ಅದರ ಬಡ್ಡಿ ನಾನು ತೀರಿಸ್ಬೇಕು ಅಕ್ಕ. ಅದು ಬೇಡ."

"ಹಾಗಾದ್ರೆ ಬಿಟ್ಟು ಬಾ. ಇಲ್ಲೇ ಇರು."

"ಬಂದ್ರೆ ಅವರು ಬಿಡ್ತಾರಾ? ನಿನ್ನ ಕೊಂದೇ ಹಾಕ್ತಾರೆ. ಅವರು ಕೆಟ್ಟೋರಲ್ಲ ಕಣಕ್ಕ. ಅದು ಸುಟ್ಟಾಗ ಮಾತ್ರ ಹೀಗಾಡೋದು. ಮಿಕ್ಕ ದಿನ ಚೆನ್ನಾಗೇ ಇರ್ತಾರೆ. ನಿಂಗೆ ಕೈ ಮುಗೀತೀನಿ, ಅದು ಸುಡದ ಹಾಗೆ ಏನಾದ್ರೂ ಮಾಡು. ನಿನ್ನ ಕೈಲಿ ಆಗ್ದೇ ಇರೋದು ಏನಿದೆ?"

ಈ ಕೊನೆಯ ಮಾತು ಅಕ್ಕನಿಗೆ ನಾಟಿತು. ಹೊಡೆದಾಟದಲ್ಲಿ ಸೋತಿದ್ದಳು, ಅದು ಅವಳ ಜೀವನದಲ್ಲೇ ಮೊದಲು. ಆದರೆ ಕೆಟ್ಟದ್ದನ್ನು ಸರಿಮಾಡುವುದರಲ್ಲಿ ಅವಳನ್ನು ಮೀರಿಸಿದವರು ಆ ಬೀದಿಯಲ್ಲಿ ಇರಲಿಲ್ಲ. ಮೂವತ್ತೈದು ವರ್ಷದಿಂದ ಅವಳು ಕಲಿತದ್ದೂ ಅದನ್ನೇ. ಸುಡುವುದಕ್ಕೆ ಒಂದು ಕಾರಣ ಇರುತ್ತದೆ, ಆ ಕಾರಣವನ್ನು ಹುಡುಕಿ ತೆಗೆದರೆ ಸುಡುವುದು ನಿಲ್ಲುತ್ತದೆ. ಸ್ಪೀಕರಿಗೆ ಆಂಪ್ಲಿಫೈಯರ್ ಹೊಂದಿದರೆ ತಂಗಿಗೆ ಏಟು ಬೀಳುವುದಿಲ್ಲ ಎಂದು ಅವಳು ನಂಬಿದಳು. ನಂಬಿದ್ದಕ್ಕೆ ಅವಳನ್ನು ಬೈಯಬೇಕು ಅನಿಸುತ್ತದೆ, ಆದರೆ ಆ ಊದಿದ ದವಡೆ ನೋಡಿದವರಿಗೆ ಯಾವುದಾದರೂ ಒಂದು ದಾರಿ ನಂಬಲೇಬೇಕಾಗಿತ್ತು.

ಪ್ಲೈವುಡ್ ಸಂತೋಷದಿಂದಲೇ ಒಪ್ಪಿದ. ನಾಚಿಕೆ ಎನ್ನುವುದು ಅವನ ಅಂಗಡಿಯಲ್ಲಿ ಸಿಗದ ಸರಕು. "ಆವತ್ತಿಂದು ಮನಸ್ಸಿಗೆ ಹಚ್ಕೋಬೇಡಿ ಅಕ್ಕ. ಮನೆ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ," ಎಂದು ಕೈಯಾರೆ ಕುರ್ಚಿ ಎಳೆದುಕೊಟ್ಟ. ಅಕ್ಕ ಹಲ್ಲು ಕಚ್ಚಿ ಕೂತು ಮೀಟರಿನ ಮುಳ್ಳು ನೋಡಿದಳು.

ಅಳೆದು ನೋಡಿದಾಗ ಅಂಗಡಿಯಿಂದ ತಂದ ಯಾವ ಆಂಪ್ಲಿಫೈಯರೂ ಯಾಕೆ ಬದುಕಲಿಲ್ಲ ಎಂದು ತಿಳಿಯಿತು. ಸಾಧಾರಣ ಸ್ಪೀಕರು ಕರೆಂಟಿಗೆ ಒಡ್ಡುವ ತಡೆ ಎಂಟು ಓಮ್ ಎಂದರೆ ಹೆಚ್ಚುಕಡಿಮೆ ಎಂಟರ ಹತ್ತಿರವೇ ಇರುತ್ತದೆ. ಇದು ತಗ್ಗಿನ ಸ್ವರಕ್ಕೆ ಐವತ್ತು ಓಮ್ ತೋರಿಸಿ, ಸ್ವರ ಏರುತ್ತ ಏರುತ್ತ ಒಂದಕ್ಕಿಂತ ಕೆಳಗೆ ಇಳಿದುಬಿಡುತ್ತಿತ್ತು. ಪಿಟೀಲು ತಾರಕಕ್ಕೆ ಹೋದ ಗಳಿಗೆಯಲ್ಲಿ ಆಂಪ್ಲಿಫೈಯರಿನ ಮುಂದೆ ಸ್ಪೀಕರು ಇದ್ದೂ ಇಲ್ಲದ ಹಾಗೆ, ಎರಡು ತಂತಿಗಳನ್ನು ನೇರ ಒಂದಕ್ಕೊಂದು ಮುಟ್ಟಿಸಿದ ಹಾಗೆ. ಅದೂ ಸಾಲದೆಂಬಂತೆ ಎಳೆದುಕೊಂಡ ಕರೆಂಟನ್ನು ತಾನು ಖರ್ಚು ಮಾಡದೆ ಮರುಗಳಿಗೆ ಅಷ್ಟನ್ನೂ ಆಂಪ್ಲಿಫೈಯರಿನ ಮೇಲೆ ವಾಪಸ್ ಎಸೆಯುತ್ತಿತ್ತು. ಒದ್ದೆ ಬಟ್ಟೆಗೂ ಸ್ವಿಚ್ಚಿಗೂ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ. ಅಕ್ಕ ಇದನ್ನು ತಂಗಿಗೆ ಹೇಳಿದಾಗ ತಂಗಿ ಮುರಿದ ಬೆರಳುಗಳನ್ನು ಸವರಿಕೊಂಡು, "ಹಾಗಾದ್ರೆ ತಪ್ಪು ನಂದಲ್ಲ ಅಲ್ವಾ?" ಎಂದಳು. ಆ ಪ್ರಶ್ನೆ ಕೇಳಿ ಅಕ್ಕನಿಗೆ ಅಳು ಬಂತು, ಅಳುವುದು ಗೊತ್ತಿಲ್ಲದ್ದರಿಂದ ಬೈದಳು.

ಎರಡೂವರೆ ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ. ಸ್ಪೀಕರಿನ ತಳದ ಟ್ರಾನ್ಸ್‌ಫಾರ್ಮರುಗಳು ವೋಲ್ಟೇಜನ್ನು ನೂರೈವತ್ತು ಪಟ್ಟು ಏರಿಸುತ್ತಿದ್ದವು. ಅವನ್ನು ಬಿಚ್ಚಿ ನೂರು ಪಟ್ಟಿಗೆ ಹೊಸದಾಗಿ ಸುತ್ತಿದಳು. ಏರಿಕೆ ಮೂರರಲ್ಲಿ ಒಂದು ಪಾಲು ಇಳಿದರೆ ಆಂಪ್ಲಿಫೈಯರಿನ ಮೇಲಿನ ಹೊರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪದರಕ್ಕೊಂದು ಕಾಗದ ಹಾಸಿ, ಮೂರು ಸಲ ವಾರ್ನಿಷಿನಲ್ಲಿ ಅದ್ದಿ, ಒಲೆಯಲ್ಲಿ ಒಣಗಿಸಿದಳು. ಏರಿಕೆ ಇಳಿಸಿದರೆ ದನಿಯೂ ಇಳಿಯುತ್ತದೆ, ಪ್ಲೈವುಡ್ ಅದನ್ನು ಸಹಿಸುವುದಿಲ್ಲ. ಅದಕ್ಕೆ ದನಿಯನ್ನು ತುಂಬಿಕೊಡುವ ಹೊಸ ಆಂಪ್ಲಿಫೈಯರನ್ನೇ ಕಟ್ಟಿದಳು. ಎರಡು ಜೊತೆ ಟ್ರಾನ್ಸಿಸ್ಟರು ಇರುವಲ್ಲಿ ಎಂಟು ಜೊತೆ, ಎತ್ತಿದರೆ ಸೊಂಟ ಮುರಿಯುವ ಟ್ರಾನ್ಸ್‌ಫಾರ್ಮರ್, ಸಾಲಿನಲ್ಲಿ ಒಂದು ಓಮಿನ ದಪ್ಪ ರೆಸಿಸ್ಟರು, ಸ್ಪೀಕರು ಎಷ್ಟೇ ಇಳಿದರೂ ಅದಕ್ಕಿಂತ ಕೆಳಗೆ ಹೋಗದಂತೆ ತಡೆಯಲು.

ಪರೀಕ್ಷೆ ಮಾಡುವ ದಿನ ಅವಸರದಲ್ಲಿ ಏರಿಸುವ ಟ್ರಾನ್ಸ್‌ಫಾರ್ಮರಿನ ತೆರೆದ ತುದಿಗೆ ಅವಳ ಅಂಗೈ ತಗುಲಿತು. ಹಿಡಿದೆತ್ತಿ ಒಗೆದ ಹಾಗೆ ಹಿಂದಿನ ಕಪಾಟಿಗೆ ಹೋಗಿ ಬಡಿದಳು. ನಾಲಿಗೆ ಕಚ್ಚಿ ಅರ್ಧ ಸೀಳಿತು, ಅಂಗೈಯಲ್ಲಿ ಕರಕಲಾದ ಎರಡು ತೂತು, ಸುಟ್ಟ ಮಾಂಸದ ವಾಸನೆ. ಹತ್ತು ನಿಮಿಷ ನೆಲದ ಮೇಲೆ ಬಿದ್ದುಕೊಂಡು ತನ್ನ ಎದೆ ಹೊಡೆದುಕೊಳ್ಳುವುದನ್ನೇ ಕೇಳುತ್ತಿದ್ದಳು. ಆಮೇಲೆ ಎದ್ದು, ಕೈಗೆ ಬಟ್ಟೆ ಸುತ್ತಿ, ಬಾಯಿಯ ರಕ್ತ ಉಗಿದು ಮತ್ತೆ ಪರೀಕ್ಷೆಗೆ ಹಚ್ಚಿದಳು. ಆಂಪ್ಲಿಫೈಯರು ಪೂರ್ತಿ ದನಿಯಲ್ಲಿ ಆರು ಗಂಟೆ ಓಡಿತು. ಮುಟ್ಟಿದರೆ ಬೆಚ್ಚಗಿತ್ತು, ಅಷ್ಟೇ.

ಅದನ್ನು ಅವರ ಮನೆಯಲ್ಲಿ ಜೋಡಿಸಿದ ಭಾನುವಾರ ಗೆಳೆಯರೆಲ್ಲ ಬಂದಿದ್ದರು. ಪಿಟೀಲು ಏರಿತು, ಇನ್ನೂ ಏರಿತು, ಹೊಗೆ ಬರಲಿಲ್ಲ. ಪ್ಲೈವುಡ್ ಕಣ್ಣು ಒದ್ದೆ ಮಾಡಿಕೊಂಡು ಅಕ್ಕನ ಎರಡೂ ಕೈ ಹಿಡಿದ. "ನೀವು ಮನುಷ್ಯರಲ್ಲ ಅಕ್ಕ!" ಎಂದ. ಸುಟ್ಟ ಅಂಗೈ ಉರಿದರೂ ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ನಗುತ್ತಿದ್ದಳು, ಅಕ್ಕನಿಗೆ ಅಷ್ಟು ಸಾಕಾಗಿತ್ತು.

ಏಳು ತಿಂಗಳು ಆಂಪ್ಲಿಫೈಯರ್ ಸುಡಲಿಲ್ಲ. ಅಕ್ಕ ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ಓಡಾಡಿದಳು. ತಂಗಿ ಅಂಗಡಿಗೆ ಬರುವುದು ಕಡಿಮೆಯಾಯಿತು, ಫೋನು ಮಾಡಿದರೆ ನಾಲ್ಕು ಮಾತು, "ಚೆನ್ನಾಗಿದೀನಿ ಅಕ್ಕ, ಆಮೇಲೆ ಮಾಡ್ತೀನಿ." ಹಿಂದೆ ಸಂಗೀತದ ಸದ್ದು ಯಾವಾಗಲೂ ಕೇಳುತ್ತಿತ್ತು. ಸುಖದಲ್ಲಿದ್ದವರು ಅಕ್ಕನ ನೆನಪು ಯಾಕೆ ಮಾಡಿಕೊಳ್ಳುತ್ತಾರೆ ಎಂದು ಅವಳು ತನ್ನಷ್ಟಕ್ಕೆ ನಕ್ಕಳು. ಸ್ವಲ್ಪ ಮುನಿಸೂ ಇತ್ತು.

ಒಂದು ಶನಿವಾರ ಮಧ್ಯಾಹ್ನ, ರೆಸಿಸ್ಟರು ಕಾಯುತ್ತಿದೆಯೇ ನೋಡಿಬರೋಣವೆಂದು ಹೇಳದೆ ಕೇಳದೆ ಹೊರಟಳು. ಮೆಟ್ಟಿಲಲ್ಲಿ ಮೇಲಿನ ಮನೆಯ ಟೀಚರಮ್ಮ ತರಕಾರಿ ಚೀಲ ಇಟ್ಟುಕೊಂಡು ಸುಧಾರಿಸಿಕೊಳ್ಳುತ್ತಿದ್ದರು. ಎಪ್ಪತ್ತು ದಾಟಿದ, ನಿವೃತ್ತಿಯಾದ ಹೆಂಗಸು. ಮೇಲಿನಿಂದ ಸಂಗೀತ ದೊಡ್ಡದಾಗಿ ಕೇಳಿಬರುತ್ತಿತ್ತು.

"ನೀವೇ ಅಲ್ವಾ ಇದನ್ನ ಮಾಡಿಕೊಟ್ಟೋರು?" ಎಂದರು ಟೀಚರಮ್ಮ. "ಪುಣ್ಯ ಬರ್ಲಿ ತಾಯಿ. ಮೊದ್ಲು ಆ ಮನೇಲಿ ಏನು ಗಲಾಟೆ ಅಂತೀರಿ. ಆ ಹುಡುಗಿ ಕೂಗ್ಕೊಳ್ಳೋಳು. ನಾನೂ ಕೆಳಗಿನ ಮನೆ ದರ್ಜಿಯೂ ಎಷ್ಟು ಸಲ ಹೋಗಿ ಬಾಗಿಲು ಬಡಿದಿಲ್ಲ! ನಾವು ಬಡಿದ್ರೆ ನಿಲ್ಲಿಸೋನು. ಈಗ ನೋಡಿ, ದಿನಾ ಬರೀ ಸಂಗೀತ."

"ದಿನಾ?"

"ದಿನಾ ಅಂದ್ರೆ ದಿನಾ. ಈ ನಡುವೆ ಅಂತೂ ಒಂದು ದಿನ ತಪ್ಪಿಲ್ಲ."

ಅಕ್ಕನಿಗೆ ಖುಷಿಯಾಯಿತು. ಹೌದು, ಮೊದಲು ಖುಷಿಯೇ ಆಯಿತು, ಅದನ್ನು ಮುಚ್ಚಿಡುವುದು ಬೇಡ. ಇನ್ನೂ ಆರು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ಕಾಲು ನಿಂತಿತು. ಸಂಗೀತದ ಒಳಗೆ ಧಡ್ ಎಂದು ಒಂದು ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು. ತಾಳಕ್ಕೆ ಸೇರದ ಸದ್ದು. ಮೆಟ್ಟಿಲ ಕಂಬಿ ಹಿಡಿದಿದ್ದ ಕೈಗೂ ಅದು ತಿಳಿಯಿತು. ಬೇರೆ ಯಾರಾದರೂ ಆಗಿದ್ದರೆ ಡೋಲು ಎಂದುಕೊಂಡು ಹೋಗುತ್ತಿದ್ದರು. ಆದರೆ ಆ ಸ್ಪೀಕರನ್ನು ಬಿಚ್ಚಿ ಕಟ್ಟಿದವಳಿಗೆ ಅದರ ಶಕ್ತಿಯೂ ಗೊತ್ತು, ದೌರ್ಬಲ್ಯವೂ ಗೊತ್ತು. ಆ ತೆಳ್ಳನೆಯ ಪರದೆಗೆ ಧಡ್ ಎನ್ನುವ ತಾಕತ್ತಿಲ್ಲ. ಅದು ಪಿಟೀಲನ್ನು ಹಾಡೀತು, ಕೊಳಲನ್ನು ಹಾಡೀತು, ಗೋಡೆಯನ್ನು ಮಾತ್ರ ಯಾವ ಜನ್ಮಕ್ಕೂ ನಡುಗಿಸಲಾರದು. ಬಡಿದ ಸದ್ದು ಸ್ಪೀಕರಿನಿಂದ ಬಂದದ್ದಲ್ಲ.

ಓಡಿಹೋಗಿ ಬಾಗಿಲು ಬಡಿದಳು. ಯಾರಿಗೆ ಕೇಳಬೇಕು? ಅವಳೇ ಕಟ್ಟಿದ ಎಂಟು ಜೊತೆ ಟ್ರಾನ್ಸಿಸ್ಟರಿನ ದನಿ ಒಳಗೆ ಮೊರೆಯುತ್ತಿತ್ತು. ಭುಜ ಕೊಟ್ಟು ನೂಕಿದಳು. ಪ್ಲೈವುಡ್ ಅಂಗಡಿಯವನ ಮನೆಯ ಬಾಗಿಲು, ಅಲುಗಲಿಲ್ಲ. ತಿರುಗಿ ಮೆಟ್ಟಿಲಿಳಿದು, ಕೆಳಗಿನ ತಿರುವಿನಲ್ಲಿ ಮೂರೂ ಮನೆಗಳ ಮೀಟರುಗಳಿದ್ದ ಗೋಡೆಗೆ ಬಂದು, ನಡುವಿನ ಮನೆಯ ಫ್ಯೂಸಿನ ಪಿಂಗಾಣಿ ಹಿಡಿಯನ್ನು ಕಿತ್ತಳು.

ಪಿಟೀಲಿನ ದನಿ ಒಂದು ಗಳಿಗೆ ಎಳೆದಾಡಿ, ದಪ್ಪಗಾಗಿ, ನಿಂತಿತು. ಕಟ್ಟಡವೆಲ್ಲ ಮೌನವಾಯಿತು. ಆ ಮೌನದಲ್ಲಿ ಧಡ್ ಎಂದು ಒಂದು ಏಟು ಬಿತ್ತು, ಅದರ ಹಿಂದೆಯೇ ತಂಗಿಯ ದನಿ, "ಸಾಕು… ಸಾಕು ಅಂದ್ರೆ…" ಎಂದು. ಕೂಗಿಕೊಂಡದ್ದೂ ಅಲ್ಲ. ಕೂಗಿ ಪ್ರಯೋಜನವಿಲ್ಲ ಎಂದು ಬಹಳ ಹಿಂದೆಯೇ ಬಿಟ್ಟವರ ದನಿ ಅದು. ಟೀಚರಮ್ಮನ ಕೈಯಿಂದ ಚೀಲ ಜಾರಿ ತರಕಾರಿ ಮೆಟ್ಟಿಲ ತುಂಬ ಉರುಳಿತು.

"ಅಯ್ಯೋ," ಎಂದರು ಅವರು. "ಅಯ್ಯೋ, ನನ್ನ ತಲೆ ಮೇಲೆ ಕಲ್ಲು ಹಾಕ!"

ಬಾಗಿಲು ತೆರೆಯಿತು. ಕರೆಂಟು ಯಾಕೆ ಹೋಯಿತೆಂದು ನೋಡಲು ಪ್ಲೈವುಡ್ ತಾನೇ ಹೊರಗೆ ಬಂದ. ಬೆವರು ಸುರಿಯುತ್ತಿತ್ತು. ಬಾಗಿಲ ಚೌಕಟ್ಟಿಗೆ ಬಡಿಯುವ ತೇಗದ ಪಟ್ಟಿಯೊಂದು ಇನ್ನೂ ಕೈಯಲ್ಲಿತ್ತು. ಅಷ್ಟರಲ್ಲಿ ಮೆಟ್ಟಿಲು ಹಾರಿ ಮತ್ತೆ ಮೇಲೆ ಬಂದಿದ್ದ ಅಕ್ಕನನ್ನು ಕಂಡು, ಆ ಸ್ಥಿತಿಯಲ್ಲೂ, "ಓ ಅಕ್ಕ, ಬನ್ನಿ—" ಎಂದ.

ಅಕ್ಕ ಮಾತಿಗೆ ನಿಲ್ಲಲಿಲ್ಲ. ಮುಷ್ಟಿಯಲ್ಲಿದ್ದ ಪಿಂಗಾಣಿಯಿಂದ ಅವನ ಮೂಗಿನ ಮೇಲೆ ಗುದ್ದಿದಳು. ಮೂಗು ಒಡೆಯಿತು, ಪಿಂಗಾಣಿಯೂ ಒಡೆಯಿತು. ಅವನು ಕುರುಡನಂತೆ ಬೀಸಿದ ಪಟ್ಟಿ ಅವಳ ಹೆಗಲಿಗೆ ಬಿದ್ದು ತೋಳು ಜೋತುಬಿತ್ತು. ಜುಟ್ಟು ಹಿಡಿದು ತಲೆಯನ್ನು ಚೌಕಟ್ಟಿಗೆ ಎರಡು ಸಲ ಅಪ್ಪಳಿಸಿದ. ಹಣೆ ಒಡೆದು ಕಣ್ಣಿಗೆ ರಕ್ತ ಇಳಿದರೂ ಅವಳು ಬಿಡಲಿಲ್ಲ. ಒಡೆದ ಪಿಂಗಾಣಿಯ ಚೂಪಿನಿಂದ ಅವನ ಕೆನ್ನೆಯನ್ನು ಕಿವಿಯವರೆಗೆ ಗೀರಿದಳು, ಅವನ ಮುಂಗೈಗೆ ಬಾಯಿ ಹಾಕಿ ಮೂಳೆಗೆ ತಾಗುವವರೆಗೆ ಕಚ್ಚಿದಳು. ಅಷ್ಟರಲ್ಲಿ ಕೆಳಗಿನ ದರ್ಜಿ ಓಡಿಬಂದು ಹಿಂದಿನಿಂದ ಅವನ ಕುತ್ತಿಗೆಗೆ ತೋಳು ಹಾಕಿ ಎಳೆದ. ಮೂವರೂ ಒಟ್ಟಿಗೆ ನೆಲಕ್ಕುರುಳಿದರು. ಅಕ್ಕ ಮೇಲೆ ಬಂದಳು. ಎದೆಯ ಮೇಲೆ ಮಂಡಿಯೂರಿ, ಚೆನ್ನಾಗಿದ್ದ ಒಂದು ಕೈಯಲ್ಲೇ ಹೊಡೆದಳು. ಅವನು ಕೈ ಎತ್ತುವುದನ್ನು ನಿಲ್ಲಿಸಿದ ಮೇಲೂ ಹೊಡೆದಳು.

"ಬಿಡಿ ಅಕ್ಕ, ಸತ್ತೋಗ್ತಾನೆ!" ಎಂದು ದರ್ಜಿ ಅವಳ ಸೊಂಟ ಹಿಡಿದು ಎಳೆದ.

"ಸಾಯ್ಲಿ ಬಿಡ್ರೀ," ಎಂದು ಟೀಚರಮ್ಮ ಅಳುತ್ತ ಕೂಗಿದರು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಅದು.

ಒಳಗಿನಿಂದ ತಂಗಿ ಕೆಮ್ಮಿದ್ದು ಕೇಳಿಸದಿದ್ದರೆ ಅಕ್ಕ ನಿಲ್ಲಿಸುತ್ತಿರಲಿಲ್ಲ. ದರ್ಜಿ ತನ್ನ ಅಳತೆಯ ಟೇಪಿನಿಂದ ಪ್ಲೈವುಡ್‌ನ ಕೈಗಳನ್ನು ಬಿಗಿದು ಅವನ ಮೇಲೆ ಕೂತ. ಅಕ್ಕ ಒಳಗೆ ಹೋದಳು.

ತಂಗಿ ಎರಡು ಸ್ಪೀಕರುಗಳ ನಡುವೆ, ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಎಡಗೈ ಮೊಣಕೈಯ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ತುಟಿ ಸೀಳಿತ್ತು. ಮೇಲಂಗಿ ಸರಿದ ಹೆಗಲ ಮೇಲೆ ಹಳದಿಗೆ ತಿರುಗಿದ ಹಳೆಯ ಬರೆಗಳು, ಅವುಗಳ ಮೇಲೆ ನೀಲಿ, ನೀಲಿಯ ಮೇಲೆ ಇವತ್ತಿನ ಕೆಂಪು. ಏಳು ತಿಂಗಳನ್ನು ಅಕ್ಕ ಆ ಹೆಗಲಿನ ಮೇಲೆ ಕಂಡಳು. ಎಂಟು ಜೊತೆ ಟ್ರಾನ್ಸಿಸ್ಟರಿನ ಆಂಪ್ಲಿಫೈಯರು ಪಕ್ಕದಲ್ಲೇ ಇತ್ತು, ಕೂದಲೂ ಕೊಂಕದೆ.

ಟೀಚರಮ್ಮ ಫೋನಿಗೆ ಓಡಿದರು. ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ ಎಂದರಂತೆ. ಅಕ್ಕ ತಂಗಿಯ ಎಡಕ್ಕೆ ಕೂತು, ಮುರಿದ ಕೈಯ ಕೆಳಗೆ ದಿಂಬು ಕೊಟ್ಟಳು. ತನ್ನ ಹಣೆಯ ರಕ್ತ ತಂಗಿಯ ಮಡಿಲಿಗೆ ತೊಟ್ಟಿಕ್ಕುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ.

"ತಪ್ಪಾಯ್ತು ಕಣೇ," ಎಂದಳು. ಆ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ.

ತಂಗಿ ತಿರುಗಲಿಲ್ಲ, ಎದುರಿನ ಗೋಡೆ ನೋಡುತ್ತಿದ್ದಳು.

"ಲೇ, ತಪ್ಪಾಯ್ತು ಅಂದೆ. ನನ್ನ ನೋಡೇ."

ಅಕ್ಕನ ಕೈ ಹೆಗಲಿಗೆ ತಾಗಿದ ಮೇಲೆ ತಂಗಿ ಬೆಚ್ಚಿ ತಿರುಗಿದಳು. "ಏನಂದೆ? ಈ ಕಡೆ ಬಂದು ಹೇಳು ಅಕ್ಕ. ಆ ಕಿವಿ ಕೇಳ್ಸಲ್ಲ."

"ಯಾವಾಗಿಂದ?"

"ನೀನು ಇದನ್ನ ತಂದಿಟ್ಟ ವಾರದಿಂದ." ತಂಗಿಯ ದನಿಯಲ್ಲಿ ದೂರು ಇರಲಿಲ್ಲ, ವಿಷಯ ತಿಳಿಸುವವರ ಹಾಗೆ ಹೇಳಿದಳು. "ಇದು ಕೆಟ್ಟಿದ್ದಾಗ ಜನ ಬರ್ತಿದ್ರು ಅಕ್ಕ. ಟೀಚರಮ್ಮ ಬರ್ತಿದ್ರು, ದರ್ಜಿ ಬರ್ತಿದ್ರು. ನೀನು ಸರಿ ಮಾಡಿದ್ಮೇಲೆ ಯಾರೂ ಬರ್ಲಿಲ್ಲ."

ಅಕ್ಕ ಎದ್ದು, ಜೋತುಬಿದ್ದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ತಂಗಿಯ ಬಲಕ್ಕೆ ಬಂದು ಕೂತಳು. ತಂಗಿ ಕಿವಿ ಕೊಟ್ಟು ಕಾಯುತ್ತಿದ್ದಳು.